ಮಿಲಿಓಮ್ ಅಳೆಯುವ ಸರ್ಕ್ಯೂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ತೋಟದ ಪಂಪಿನ ವೈಂಡಿಂಗ್, ಮನೆ ವಯರಿಂಗಿಗೆ ತಂದ ಹೊಸ ವಯರಿನ ಸುರುಳಿ, ಬೋಟಿನ ಬ್ಯಾಟರಿ ಕೇಬಲ್ಲು. ಇವುಗಳ ರೆಸಿಸ್ಟೆನ್ಸ್ ಒಂದೆರಡು ಓಮಿನ ಒಳಗೇ ಇರುತ್ತದೆ, ಎಷ್ಟೋ ಸಲ ಓಮಿನ ಸಾವಿರದ ಭಾಗಗಳಲ್ಲಿ, ಅಂದರೆ ಮಿಲಿಓಮಿನಲ್ಲಿ ಇರುತ್ತದೆ. ಅದನ್ನು ನಂಬುವ ಹಾಗೆ ಅಳೆಯಲು ಬೇಕಾದ ಸರ್ಕ್ಯೂಟನ್ನು ಶಿರಸಿ, ಕುಮಟಾ, ಕಾರವಾರದ ಕಡೆಯ ರಿಪೇರಿ ಕೆಲಸದವರು, ಐಟಿಐ ಮತ್ತು ಡಿಪ್ಲೊಮಾ ಹುಡುಗರು ಒಂದು ಮಧ್ಯಾಹ್ನದಲ್ಲಿ ಕಟ್ಟಿಕೊಳ್ಳಬಹುದು.

ಕೈಯಲ್ಲಿ ಮಲ್ಟಿಮೀಟರ್ ಇದೆಯಲ್ಲ, ಅದರ ಓಮ್ ರೇಂಜ್ ಸಾಕಾಗುವುದಿಲ್ಲವೇ?

10 ಓಮಿನ ಮೇಲಾದರೆ ಧಾರಾಳ ಸಾಕು. ಅದಕ್ಕಿಂತ ಕೆಳಗೆ ಇಳಿದಂತೆ ಮೀಟರು ನಿಮ್ಮ ವಸ್ತುವನ್ನು ಬಿಟ್ಟು ತನ್ನ ವಯರುಗಳನ್ನೇ ಅಳೆಯತೊಡಗುತ್ತದೆ. ಎರಡೂ ಪ್ರೋಬ್ ತುದಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದು ನೋಡಿ. ಅಗ್ಗದ ಮೀಟರಿನಲ್ಲಿ 0.2 ಅಥವಾ 0.3 ಓಮ್ ತೋರಿಸುತ್ತದೆ, ಒತ್ತುವ ಬಲ ಬದಲಾದರೆ ಅಂಕಿಯೂ ಬದಲಾಗುತ್ತದೆ. 200 ಓಮ್ ರೇಂಜಿನಲ್ಲಿ ಕೊನೆಯ ಅಂಕಿಯ ಬೆಲೆಯೇ 0.1 ಓಮ್. 10 ಮೀಟರ್ ಉದ್ದದ 1.5 ಸ್ಕ್ವೇರ್ ಎಂಎಂ ವಯರಿನ ರೆಸಿಸ್ಟೆನ್ಸ್ ಸುಮಾರು 0.13 ಓಮ್. ಅಂದರೆ ಮೂಗಿಗಿಂತ ಮೂಗುತಿಯೇ ಭಾರ.

ಪ್ರೋಬ್ ಜೋಡಿಸಿದಾಗ ಬಂದ ಅಂಕಿಯನ್ನು ಕಳೆದುಬಿಟ್ಟರೆ ಆಯಿತಲ್ಲ ಎನ್ನುವವರಿದ್ದಾರೆ. ವಯರಿನ ಪಾಲು ಹಾಗೆ ಕಳೆಯುತ್ತದೆ. ತುದಿ ತಾಗುವ ಜಾಗದ ಪಾಲು ಪ್ರತಿ ಸಲ ಬೇರೆಯಾಗುವುದರಿಂದ ಅದು ಕಳೆಯುವುದಿಲ್ಲ.

ನಾಲ್ಕು ವಯರಿನ ವಿಧಾನ ಎಂದರೇನು?

ಕರೆಂಟು ಹರಿಸಲು ಒಂದು ಜೋಡಿ ವಯರು, ವೋಲ್ಟೇಜ್ ನೋಡಲು ಇನ್ನೊಂದು ಜೋಡಿ. ಕರೆಂಟಿನ ವಯರಿನಲ್ಲಿ, ಅದರ ಕ್ಲಿಪ್ಪಿನಲ್ಲಿ ಎಷ್ಟು ವೋಲ್ಟೇಜ್ ಬಿದ್ದರೂ ಚಿಂತೆಯಿಲ್ಲ, ಏಕೆಂದರೆ ನಾವು ಅದನ್ನು ನೋಡುತ್ತಲೇ ಇಲ್ಲ. ವೋಲ್ಟೇಜಿನ ಜೋಡಿಯಲ್ಲಿ ಹರಿಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಮೀಟರಿನ ಒಳರೋಧ 1 ಮೆಗಾಓಮ್ ಇದ್ದರೆ 100 ಮಿಲಿವೋಲ್ಟಿಗೆ ಹರಿಯುವುದು ಆಂಪಿಯರಿನ ಒಂದು ಕೋಟಿಯ ಒಂದು ಭಾಗ. ಆದ್ದರಿಂದ ಆ ವಯರಿನ ಅರ್ಧ ಓಮು, ತುಕ್ಕು ಹಿಡಿದ ತುದಿಯ ಎರಡು ಓಮು ಲೆಕ್ಕಕ್ಕೆ ಬರುವುದಿಲ್ಲ.

ಒಂದೇ ಷರತ್ತು: ವೋಲ್ಟೇಜಿನ ತುದಿಗಳು ಅಳೆಯುವ ವಸ್ತುವನ್ನೇ ಮುಟ್ಟಬೇಕು, ಕರೆಂಟಿನ ತುದಿಗಳಿಗಿಂತ ಒಳಗಡೆ. ಕರೆಂಟಿನ ಕ್ಲಿಪ್ಪಿಗೇ ವೋಲ್ಟೇಜಿನ ಕ್ಲಿಪ್ ಕಚ್ಚಿಸಿದರೆ ನಾಲ್ಕು ವಯರಿದ್ದೂ ಎರಡು ವಯರಿನ ಅಳತೆಯೇ ಆಗುತ್ತದೆ. ಹೊಸಬರು ಮಾಡುವ ತಪ್ಪುಗಳಲ್ಲಿ ಇದೇ ಮೊದಲನೆಯದು.

ಕರೆಂಟು ಕರಾರುವಾಕ್ಕಾಗಿ 100 ಮಿಲಿಆಂಪಿಯರ್ ಇರಲೇಬೇಕೇ? ಅದನ್ನು ಸೆಟ್ ಮಾಡುವುದು ಹೇಗೆ?

ಬೇಡ. ಅಂತರ್ಜಾಲದಲ್ಲಿ ಸಿಗುವ ಬಹುತೇಕ ನಕ್ಷೆಗಳು ಇಲ್ಲಿಯೇ ದಾರಿ ತಪ್ಪಿಸುತ್ತವೆ. ಪ್ರೀಸೆಟ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ಸಣ್ಣ ರೆಸಿಸ್ಟರ್) ತಿರುಗಿಸಿ ಕರೆಂಟನ್ನು ಸರಿಯಾಗಿ 100.0ಕ್ಕೆ ತಂದು, ಮಿಲಿವೋಲ್ಟನ್ನು ಹತ್ತರಿಂದ ಗುಣಿಸಿ ಮಿಲಿಓಮ್ ಎಂದು ಓದಿ ಎನ್ನುತ್ತವೆ. ಆದರೆ ಆ 100.0 ಎಂಬುದನ್ನು ನೋಡಿದ್ದು ಯಾವ ಮೀಟರಿನಲ್ಲಿ? ಅಗ್ಗದ ಮೀಟರಿನ ಮಿಲಿಆಂಪಿಯರ್ ರೇಂಜಿನ ದೋಷವೇ ಶೇಕಡಾ ಒಂದಕ್ಕಿಂತ ಹೆಚ್ಚು. ಪ್ರೀಸೆಟ್ಟಂತೂ ಮಳೆಗಾಲ ಕಳೆಯುವಷ್ಟರಲ್ಲಿ ತಾನಾಗಿಯೇ ಸರಿದಿರುತ್ತದೆ.

ಅದರ ಬದಲು, ಎಷ್ಟು ಓಮ್ ಎಂದು ನಿಖರವಾಗಿ ಗೊತ್ತಿರುವ ಒಂದು ರೆಸಿಸ್ಟರನ್ನು ಅಳೆಯುವ ವಸ್ತುವಿನ ಜೊತೆ ಸಾಲಾಗಿ ಜೋಡಿಸಿ. ಅದೇ ನಮ್ಮ ರೆಫರೆನ್ಸ್. ಎರಡರಲ್ಲೂ ಹರಿಯುವುದು ಒಂದೇ ಕರೆಂಟು. ಒಂದೇ ಮೀಟರಿನಲ್ಲಿ, ಒಂದೇ ರೇಂಜಿನಲ್ಲಿ ಎರಡರ ವೋಲ್ಟೇಜನ್ನೂ ಓದಿ.

ಗೊತ್ತಿಲ್ಲದ ರೆಸಿಸ್ಟೆನ್ಸ್ = ಗೊತ್ತಿರುವ ರೆಸಿಸ್ಟೆನ್ಸ್ × (ವಸ್ತುವಿನ ವೋಲ್ಟೇಜ್ ÷ ರೆಫರೆನ್ಸಿನ ವೋಲ್ಟೇಜ್)

ಕರೆಂಟು 97 ಇರಲಿ, 106 ಇರಲಿ, ಭಾಗಾಕಾರದಲ್ಲಿ ಅದು ಬಿಟ್ಟುಹೋಗುತ್ತದೆ. ಮೀಟರು ಎಲ್ಲವನ್ನೂ ಶೇಕಡಾ ಒಂದು ಹೆಚ್ಚು ತೋರಿಸುವ ಜಾತಿಯದಾದರೆ ಆ ದೋಷವೂ ಅಲ್ಲೇ ಬಿಟ್ಟುಹೋಗುತ್ತದೆ. ಉಳಿಯುವುದು ರೆಫರೆನ್ಸ್ ರೆಸಿಸ್ಟರಿನ ದೋಷ ಮತ್ತು ಮೀಟರಿನ ಕೊನೆಯ ಅಂಕಿಯ ಅಲುಗಾಟ, ಅಷ್ಟೇ. ಹಾಗಾಗಿ ಹಣ ಖರ್ಚು ಮಾಡುವುದಿದ್ದರೆ ಮೀಟರಿನ ಮೇಲೆ ಬೇಡ, ಆ ಒಂದು ರೆಸಿಸ್ಟರಿನ ಮೇಲೆ ಮಾಡಿ.

ಯಾವ ಯಾವ ಸಾಮಾನು ಬೇಕು?

ಎಲ್‌ಎಂ317 ಎಂಬ ಮೂರು ಕಾಲಿನ ರೆಗ್ಯುಲೇಟರ್ ಐಸಿ ಒಂದು, ಚಿಕ್ಕ ಹೀಟ್‌ಸಿಂಕ್ ಸಮೇತ. 12 ಓಮ್ 1 ವ್ಯಾಟ್ ರೆಸಿಸ್ಟರ್ ಒಂದು. ರೆಫರೆನ್ಸಿಗೆ 1 ಓಮ್, ಶೇಕಡಾ 0.1ರ ರೆಸಿಸ್ಟರ್ ಒಂದು. 1ಎನ್4007 ಡಯೋಡ್ ಮೂರು, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, ಎರಡು ಕಂಬ ಎರಡು ದಾರಿಯ ಸ್ವಿಚ್ ಒಂದು, ಒತ್ತಿದಾಗ ಮಾತ್ರ ಹತ್ತುವ ಪುಶ್ ಬಟನ್ ಒಂದು, ಡಾಟ್ ಬೋರ್ಡು, ಎಮರ್ಜೆನ್ಸಿ ಲೈಟಿನಲ್ಲಿ ಇರುತ್ತದಲ್ಲ, ಆ 6 ವೋಲ್ಟ್ 4.5 ಆಂಪಿಯರ್-ಅವರ್ ಬ್ಯಾಟರಿ. ಮೀಟರು ನಿಮ್ಮಲ್ಲಿರುವುದೇ, 200 ಮಿಲಿವೋಲ್ಟ್ ರೇಂಜ್ ಇದ್ದರಾಯಿತು.

ಶೇಕಡಾ 0.1ರ ರೆಸಿಸ್ಟರ್ ಊರಿನ ಟಿವಿ ರಿಪೇರಿ ಅಂಗಡಿಯಲ್ಲಿ ಸಿಗುವುದು ಕಷ್ಟ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಯಾರಾದರೂ ತಂದುಕೊಟ್ಟರೆ ಸರಿ, ಇಲ್ಲವಾದರೆ ಆನ್‌ಲೈನ್. ತರಿಸುವಾಗ ಉಷ್ಣತೆಯ ಗುಣಾಂಕವನ್ನೂ ನೋಡಿ: 25 ಪಿಪಿಎಂ (ಡಿಗ್ರಿಗೆ ಹತ್ತು ಲಕ್ಷದಲ್ಲಿ 25 ಭಾಗ) ಒಳ್ಳೆಯದು. 100 ಪಿಪಿಎಂನದಾದರೆ 10 ಡಿಗ್ರಿ ಸೆಕೆ ಏರಿದಾಗ ಶೇಕಡಾ 0.1 ತಾನೇ ಜಾರುತ್ತದೆ, ಕೊಟ್ಟ ದುಡ್ಡು ದಂಡ. ಆ ರೆಸಿಸ್ಟರ್ ಸಿಗುವ ತನಕ 10 ಓಮ್ ಶೇಕಡಾ 1ರ ಮೆಟಲ್ ಫಿಲ್ಮ್ ಹತ್ತನ್ನು ಸಮಾನಾಂತರವಾಗಿ ಜೋಡಿಸಿ ಕೆಲಸ ಸಾಗಿಸಬಹುದು. ಬೇರೆ ಬೇರೆ ಪಟ್ಟಿಯಿಂದ ಆರಿಸಿಕೊಳ್ಳಿ, ಒಂದೇ ಪಟ್ಟಿಯವು ಒಂದೇ ಕಡೆಗೆ ವಾಲಿರುವುದುಂಟು.

ಜೋಡಿಸುವ ಕ್ರಮ?

ಎಲ್‌ಎಂ317ನ ಅಕ್ಷರ ಬರೆದ ಮುಖ ನಿಮ್ಮ ಕಡೆ, ಕಾಲುಗಳು ಕೆಳಗೆ. ಎಡದಿಂದ ಮೊದಲ ಕಾಲು ಅಡ್ಜಸ್ಟ್, ನಡುವಿನದು ಔಟ್‌ಪುಟ್, ಬಲದ್ದು ಇನ್‌ಪುಟ್. 7805 ಎಂಬ ಇನ್ನೊಂದು ರೆಗ್ಯುಲೇಟರಿನ ಅಭ್ಯಾಸದಲ್ಲಿ ಎಡಗಾಲನ್ನೇ ಇನ್‌ಪುಟ್ ಎಂದುಕೊಂಡು ಜೋಡಿಸಿ ಸುಡುವವರು ಬಹಳ.

ಬ್ಯಾಟರಿಯ ಪ್ಲಸ್ಸು ಪುಶ್ ಬಟನ್ ದಾಟಿ ಇನ್‌ಪುಟ್ಟಿಗೆ. ಇನ್‌ಪುಟ್ಟಿನಿಂದ ಬ್ಯಾಟರಿಯ ಮೈನಸ್ಸಿಗೆ 0.1 ಮೈಕ್ರೋಫ್ಯಾರಡ್, ಐಸಿಯ ಕಾಲಿನ ಬುಡದಲ್ಲೇ. ಔಟ್‌ಪುಟ್ಟಿನಿಂದ 12 ಓಮ್, ಅದರ ಇನ್ನೊಂದು ತುದಿ ಅಡ್ಜಸ್ಟ್ ಕಾಲಿಗೆ. ಕರೆಂಟು ಹೊರಡುವುದು ಈ ಅಡ್ಜಸ್ಟ್ ಬಿಂದುವಿನಿಂದ. ಐಸಿ ಆ 12 ಓಮಿನ ಮೇಲೆ ಸದಾ 1.25 ವೋಲ್ಟ್ ಇಟ್ಟುಕೊಳ್ಳುವುದರಿಂದ ಸುಮಾರು 104 ಮಿಲಿಆಂಪಿಯರ್ ಹರಿಯುತ್ತದೆ. ಅಲ್ಲಿಂದ ಕರೆಂಟಿನ ಮೊದಲ ಕ್ಲಿಪ್, ಅಳೆಯುವ ವಸ್ತು, ಕರೆಂಟಿನ ಎರಡನೆಯ ಕ್ಲಿಪ್, 1 ಓಮ್ ರೆಫರೆನ್ಸ್, ಕೊನೆಗೆ ಬ್ಯಾಟರಿಯ ಮೈನಸ್.

ಅಡ್ಜಸ್ಟ್ ಬಿಂದುವಿನಿಂದ ಮೈನಸ್ಸಿಗೆ ಎರಡು ಡಯೋಡ್ ಸಾಲಾಗಿ, ಕರೆಂಟು ಹರಿಯುವ ದಿಕ್ಕಿನಲ್ಲೇ. ಕ್ಲಿಪ್ ಕಳಚಿದಾಗ ತುದಿಯ ವೋಲ್ಟೇಜು ಸುಮಾರು 1.5ರಿಂದ ಮೇಲೆ ಹೋಗದ ಹಾಗೆ ಇವು ತಡೆಯುತ್ತವೆ. ಮೂರನೆಯ ಡಯೋಡ್ ಅದೇ ಜಾಗದಲ್ಲಿ ತಿರುಗಾಮುರುಗಾ, ಬಟನ್ ಬಿಟ್ಟಾಗ ಮೋಟಾರಿನ ವೈಂಡಿಂಗ್ ಕೊಡುವ ಹಿಮ್ಮುಖ ವೋಲ್ಟೇಜಿನ ಹೊಡೆತ ತಡೆಯಲು. ಡಯೋಡಿನಲ್ಲಿ ಸ್ವಲ್ಪ ಕರೆಂಟು ಸೋರಿದರೆ ಅಳತೆ ಕೆಡುವುದಿಲ್ಲವೇ ಎಂದರೆ, ಇಲ್ಲ. ಸೋರಿದ್ದು ವಸ್ತುವನ್ನೂ ರೆಫರೆನ್ಸನ್ನೂ ಎರಡನ್ನೂ ತಪ್ಪಿಸಿಕೊಂಡು ಹೋಗುತ್ತದೆ, ಉಳಿದದ್ದು ಎರಡರಲ್ಲೂ ಸಮನಾಗಿಯೇ ಹರಿಯುತ್ತದೆ.

ಸ್ವಿಚ್ಚಿನ ನಡುವಿನ ಎರಡು ಕಾಲು ಮೀಟರಿಗೆ. ಒಂದು ಬದಿ ರೆಫರೆನ್ಸಿನ ಎರಡು ತುದಿಗೆ, ಇನ್ನೊಂದು ಬದಿ ವೋಲ್ಟೇಜಿನ ಎರಡು ಕ್ಲಿಪ್ಪಿಗೆ.

ರೆಫರೆನ್ಸ್ ರೆಸಿಸ್ಟರನ್ನು ಬೆಸೆಯುವುದರಲ್ಲಿ ಏನಾದರೂ ವಿಶೇಷ ಇದೆಯೇ?

ಇದೆ, ಇಡೀ ಕೆಲಸದಲ್ಲಿ ಅತಿ ಹೆಚ್ಚು ಗಮನ ಬೇಕಾದ ಜಾಗವೇ ಇದು. 1 ಓಮಿನ ಶೇಕಡಾ 0.1 ಎಂದರೆ 1 ಮಿಲಿಓಮ್. ರೆಸಿಸ್ಟರಿನ ಕಾಲು 0.6 ಮಿಲಿಮೀಟರ್ ದಪ್ಪದ ತಾಮ್ರದ್ದಾದರೆ ಒಂದು ಸೆಂಟಿಮೀಟರಿಗೆ 0.6 ಮಿಲಿಓಮ್ ಇರುತ್ತದೆ. ಎರಡೂ ಕಡೆ ಒಂದೊಂದು ಸೆಂಟಿಮೀಟರ್ ಕಾಲು ಬಿಟ್ಟು ವೋಲ್ಟೇಜಿನ ವಯರು ಬೆಸೆದರೆ 1.2 ಮಿಲಿಓಮ್ ಸೇರಿತು, ಹುಡುಕಿ ತರಿಸಿದ ನಿಖರತೆ ಕಾಲಿನಲ್ಲೇ ಕಳೆದುಹೋಯಿತು.

ರೆಸಿಸ್ಟರನ್ನು ಬೋರ್ಡಿನಿಂದ ಒಂದು ಸೆಂಟಿಮೀಟರ್ ಮೇಲೆ ನಿಲ್ಲಿಸಿ. ಕರೆಂಟಿನ ಬೆಸುಗೆ ಕೆಳಗೆ, ಬೋರ್ಡಿನಲ್ಲಿ. ವೋಲ್ಟೇಜಿಗೆ ಕೂದಲೆಳೆಯಂಥ ತೆಳು ವಯರನ್ನು ಕಾಲು ದೇಹದಿಂದ ಹೊರಬರುವ ಬುಡದಿಂದ ಎರಡು ಮಿಲಿಮೀಟರಿನಲ್ಲಿ ಒಂದು ಸುತ್ತು ಸುತ್ತಿ ಬೆಸೆಯಿರಿ. ಬೇಗ ಮುಗಿಸಿ, ಕಾದ ಐರನ್ನನ್ನು ಅಲ್ಲಿ ಐದಾರು ಸೆಕೆಂಡ್ ಒತ್ತಿ ಹಿಡಿದರೆ ರೆಸಿಸ್ಟರಿನ ಬೆಲೆಯೇ ಶಾಶ್ವತವಾಗಿ ಸರಿಯಬಹುದು.

ಬ್ರೆಡ್‌ಬೋರ್ಡಿನಲ್ಲಿ ಮಾಡಬಹುದೇ?

ಪ್ರಯತ್ನಕ್ಕೆ ಮಾಡಿ ನೋಡಿ, ಆದರೆ ಅಂಕಿಗಳನ್ನು ನಂಬಬೇಡಿ. ಅದರ ಒಂದೊಂದು ತೂತಿನ ಹಿಡಿತದಲ್ಲೂ ಹತ್ತಾರು ಮಿಲಿಓಮ್ ಇರುತ್ತದೆ. ಆಷಾಢದ ಮಳೆಯಲ್ಲಿ ಒಂದು ತಿಂಗಳು ಹೊರಗಿಟ್ಟ ಬ್ರೆಡ್‌ಬೋರ್ಡಿನಲ್ಲಿ ಅದು ಎಷ್ಟಾಗುತ್ತದೆಯೋ ಹೇಳುವಂತಿಲ್ಲ.

ನಾಲ್ಕು ವಯರಿನ ಕ್ಲಿಪ್ ಮನೆಯಲ್ಲೇ ಮಾಡಿಕೊಳ್ಳಬಹುದೇ?

ಬಟ್ಟೆ ಒಣಗಿಸುವ ಪ್ಲಾಸ್ಟಿಕ್ ಕ್ಲಿಪ್ ಎರಡು ತೆಗೆದುಕೊಳ್ಳಿ. ಒಂದೊಂದರ ಎರಡೂ ದವಡೆಗೆ ಬೇರೆ ಬೇರೆಯಾಗಿ 5 ಮಿಲಿಮೀಟರ್ ಅಗಲದ ತಾಮ್ರದ ಪಟ್ಟಿ ಅಂಟಿಸಿ, ಎಪಾಕ್ಸಿ ಅಂಟು ಸಾಕು. ಮೇಲಿನ ಪಟ್ಟಿಗೆ ಕರೆಂಟಿನ ವಯರು, ಕೆಳಗಿನದಕ್ಕೆ ವೋಲ್ಟೇಜಿನದು. ಬಾಯಿ ಮುಚ್ಚಿದಾಗ ಎರಡೂ ಪಟ್ಟಿ ತಾಗಿದರೆ ತೊಂದರೆಯಿಲ್ಲ, ವಸ್ತುವನ್ನು ಕಚ್ಚಿದಾಗ ಮಾತ್ರ ಅವು ಬೇರೆ ಬೇರೆ ಇರಬೇಕು. ಸಾಮಾನ್ಯ ಮೊಸಳೆ ಕ್ಲಿಪ್ಪಿನಲ್ಲಿ ಇದು ಆಗದು. ಅದರ ಎರಡೂ ದವಡೆ ಕೀಲಿನಲ್ಲಿ ಒಂದಾಗಿರುತ್ತವೆ.

ಒಂದು ಉದಾಹರಣೆ ಲೆಕ್ಕ ಮಾಡಿ ತೋರಿಸಿ.

ಅಂಗಡಿಯಿಂದ ತಂದ 1.5 ಸ್ಕ್ವೇರ್ ಎಂಎಂ ಫ್ಲೆಕ್ಸಿಬಲ್ ವಯರಿನ 10 ಮೀಟರ್ ತುಂಡು. ಕೋಣೆಯ ಉಷ್ಣತೆ 31 ಡಿಗ್ರಿ. ರೆಫರೆನ್ಸಿನ ಮೇಲೆ 104.2 ಮಿಲಿವೋಲ್ಟ್, ವಯರಿನ ಮೇಲೆ 14.2 ಮಿಲಿವೋಲ್ಟ್ ಬಂತೆನ್ನಿ. 14.2 ÷ 104.2 = 0.1363 ಓಮ್.

ಇದನ್ನು ನೇರವಾಗಿ ಐಎಸ್ 8130ರ, ಅಂದರೆ ವಯರಿನ ತಾಮ್ರಕ್ಕೆ ಇರುವ ಭಾರತೀಯ ಮಾನದಂಡದ, ಪಟ್ಟಿಯ ಜೊತೆ ಹೋಲಿಸಬಾರದು. ಆ ಪಟ್ಟಿಯ ಅಂಕಿಗಳೆಲ್ಲ 20 ಡಿಗ್ರಿಯವು, ನಮ್ಮ ಕರಾವಳಿಯಲ್ಲಿ 20 ಡಿಗ್ರಿ ಸಿಗುವುದು ಯಾವಾಗ! ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ ಶೇಕಡಾ 0.393 ಏರುತ್ತದೆ. 11 ಡಿಗ್ರಿಗೆ 1.0432 ಪಟ್ಟು. 0.1363ನ್ನು ಅದರಿಂದ ಭಾಗಿಸಿದರೆ 0.1306 ಓಮ್, ಅಂದರೆ ಮೀಟರಿಗೆ 13.06 ಮಿಲಿಓಮ್. ಈ ಗಾತ್ರದ ಫ್ಲೆಕ್ಸಿಬಲ್ ವಯರಿಗೆ ಇರುವ ಮಿತಿ 13.3. ವಯರು ಪಾಸು.

14.2ರ ಬದಲು 19.0 ಬಂದಿದ್ದರೆ? 20 ಡಿಗ್ರಿಗೆ ಇಳಿಸಿದಾಗ ಮೀಟರಿಗೆ 17.5 ಮಿಲಿಓಮ್ ಆಗುತ್ತದೆ. ಲೇಬಲ್ಲಿನಲ್ಲಿ 1.5 ಎಂದಿದ್ದರೂ ಒಳಗಿರುವ ತಾಮ್ರ ಸುಮಾರು 1.1 ಸ್ಕ್ವೇರ್ ಎಂಎಂನಷ್ಟೇ, ಅಥವಾ ಅದು ಶುದ್ಧ ತಾಮ್ರವೇ ಅಲ್ಲ. ವಯರು ಕತ್ತರಿಸಬೇಕೆಂದೂ ಇಲ್ಲ. 90 ಮೀಟರಿನ ಇಡೀ ಸುರುಳಿಯ ಎರಡು ತುದಿ ಹಿಡಿದು ಅಳೆಯಿರಿ: ಮಿತಿ 20 ಡಿಗ್ರಿಯಲ್ಲಿ 1.197 ಓಮ್, 31 ಡಿಗ್ರಿಯಲ್ಲಿ 1.249 ಓಮ್. ಇಲ್ಲಿ ಮಿಲಿವೋಲ್ಟು ದೊಡ್ಡದು, ಹಾಗಾಗಿ ಅಳತೆಯೂ ಇನ್ನಷ್ಟು ಗಟ್ಟಿ. ಬಿಸಿಲಲ್ಲಿ ಇಟ್ಟಿದ್ದ ಸುರುಳಿಯನ್ನು ಮಾತ್ರ ನೆರಳಲ್ಲಿ ಮೂರ್ನಾಲ್ಕು ತಾಸು ಬಿಟ್ಟು ಅಳೆಯಿರಿ. ಸುರುಳಿಯ ಹೊಟ್ಟೆ ಬೇಗ ತಣಿಯುವುದಿಲ್ಲ.

ಪಂಪಿನ ವೈಂಡಿಂಗ್ ಅಳೆಯುವಾಗ ಅಂಕಿ ನಿಲ್ಲುವುದೇ ಇಲ್ಲ. ಏಕೆ?

ವೈಂಡಿಂಗಿನ ಇಂಡಕ್ಟೆನ್ಸ್, ಅಂದರೆ ಕರೆಂಟು ತಟ್ಟನೆ ಬದಲಾಗುವುದನ್ನು ತಡೆಯುವ ಗುಣ. ಕರೆಂಟು ಪೂರ್ತಿ ಏರಲು ಕೆಲ ಸೆಕೆಂಡ್ ಹಿಡಿಯುತ್ತದೆ. ಬಟನ್ ಒತ್ತಿ ಹಿಡಿದು ಅಂಕಿ ನಿಂತ ಮೇಲೆ ಓದಿ. 5 ಓಮಿನ ವೈಂಡಿಂಗಿನಲ್ಲಿ ಅರ್ಧ ವೋಲ್ಟ್ ಬರುವುದರಿಂದ ಮೀಟರನ್ನು 2 ವೋಲ್ಟ್ ರೇಂಜಿಗೆ ಹಾಕಿ, ರೆಫರೆನ್ಸನ್ನೂ ಅದೇ ರೇಂಜಿನಲ್ಲಿ ಓದಿ.

ಅಳೆಯುವ ಮೊದಲು ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು ಜೇಬಿನಲ್ಲಿಡಿ, ಮೋಟಾರಿನ ವಯರುಗಳನ್ನು ಸ್ಟಾರ್ಟರಿನಿಂದ ಕಳಚಿ. ಸಿಂಗಲ್ ಫೇಸ್ ಆದರೆ ಕೆಪಾಸಿಟರನ್ನು ಡಿಸ್ಚಾರ್ಜ್ ಮಾಡಿ ತೆಗೆದಿಡಿ. ಮುಗಿದ ಮೇಲೆ ಮೊದಲು ಬಟನ್ ಬಿಡಿ, ಎರಡು ಸೆಕೆಂಡ್ ಕಾಯಿರಿ, ಆಮೇಲೆ ಕ್ಲಿಪ್ ತೆಗೆಯಿರಿ. ಕರೆಂಟು ಹರಿಯುತ್ತಿರುವಾಗಲೇ ಕ್ಲಿಪ್ ಎಳೆದರೆ ಕಿಡಿ ಹಾರುತ್ತದೆ, ಬೆರಳಿಗೆ ಚುರುಕೂ ತಾಗುತ್ತದೆ.

ಬೋರಿನಲ್ಲಿ ಇಳಿಸಿದ ಸಬ್‌ಮರ್ಸಿಬಲ್ ಆದರೆ ಮೇಲಿನ ಪ್ಯಾನಲ್ಲಿನಲ್ಲಿ ಬರುವ ಅಂಕಿಯಲ್ಲಿ ಕೇಬಲ್ಲಿನ ಪಾಲೂ ಸೇರಿರುತ್ತದೆ. 2.5 ಸ್ಕ್ವೇರ್ ಎಂಎಂ ಕೇಬಲ್ 60 ಮೀಟರ್ ಇಳಿದಿದ್ದರೆ ಹೋಗಿ ಬರಲು 120 ಮೀಟರ್, ಅದರ ಪಾಲೇ ಸುಮಾರು 0.96 ಓಮ್. ಅದನ್ನು ಕಳೆದು ನೋಡಿ. ಮೂರು ಫೇಸಿನ ಮೋಟಾರಿನಲ್ಲಿ ಒಂದೊಂದರ ಬೆಲೆಗಿಂತ ಮೂರರ ನಡುವಿನ ವ್ಯತ್ಯಾಸ ಮುಖ್ಯ. ಎರಡು ಜೋಡಿ ಸಮ ಇದ್ದು ಮೂರನೆಯದು ಎದ್ದು ಕಾಣುವಷ್ಟು ಬೇರೆಯಿದ್ದರೆ ಸುತ್ತು ಶಾರ್ಟ್ ಆಗಿದೆ, ಇಲ್ಲವೇ ಜಾಯಿಂಟ್ ಸಡಿಲ. ಮೋಟಾರನ್ನು ಮೇಲೆತ್ತುವ ಕೂಲಿ ಕೊಡುವ ಮುಂಚೆ ಪ್ಯಾನಲ್ಲಿನ ಟರ್ಮಿನಲ್ಲುಗಳನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ ಇನ್ನೊಮ್ಮೆ ಅಳೆದು ನೋಡಿ.

ಬೋಟಿನ ಬ್ಯಾಟರಿ ಕೇಬಲ್, ಅದರ ತುದಿಗೆ ಒತ್ತಿಸಿದ ಲಗ್ಗು ಇದರಲ್ಲಿ ಅಳೆಯಬಹುದೇ?

100 ಮಿಲಿಆಂಪಿಯರಿನಲ್ಲಿ ಆಗದು. 35 ಸ್ಕ್ವೇರ್ ಎಂಎಂ ಕೇಬಲ್ ಎರಡು ಮೀಟರಿಗೆ 1.1 ಮಿಲಿಓಮ್ ಅಷ್ಟೇ, ನಿಮ್ಮ ಮೀಟರಿನ ಕೊನೆಯ ಅಂಕಿ ಒಮ್ಮೆ ಅಲುಗುವಷ್ಟು. 12 ಓಮಿನ ಜಾಗದಲ್ಲಿ 1.2 ಓಮ್ 5 ವ್ಯಾಟ್, ರೆಫರೆನ್ಸಿನ ಜಾಗದಲ್ಲಿ 0.1 ಓಮಿನ ನಾಲ್ಕು ಕಾಲಿನ ಶಂಟ್ (ಕರೆಂಟು ಅಳೆಯಲೆಂದೇ ಮಾಡಿದ ರೆಸಿಸ್ಟರ್) ಹಾಕಿ 1 ಆಂಪಿಯರಿಗೆ ಏರಿಸಿದರೆ 0.1 ಮಿಲಿಓಮ್ ತನಕ ಕಾಣುತ್ತದೆ. ಆಗ ಐಸಿಯಲ್ಲಿ ಐದು ವ್ಯಾಟಿನ ಹತ್ತಿರ ಕಾವು ಹುಟ್ಟುತ್ತದೆ, ದೊಡ್ಡ ಹೀಟ್‌ಸಿಂಕ್ ಬೇಕು. ಎಲ್‌ಎಂ317ನ ಬೆನ್ನಿನ ಲೋಹ ಔಟ್‌ಪುಟ್ಟಿಗೆ ಸೇರಿದ್ದು, ಹೀಟ್‌ಸಿಂಕನ್ನು ಲೋಹದ ಡಬ್ಬಿಗೆ ತಾಗಿಸುವುದಾದರೆ ನಡುವೆ ಮೈಕಾ ಹಾಳೆ ಇರಲಿ.

ಆದರೆ ಕಾರವಾರದ ಬೈತಖೋಲದ ಧಕ್ಕೆಯಲ್ಲಿ ನಿಂತ ಬೋಟಿಗೆ ಇಷ್ಟೆಲ್ಲ ರಾಮಾಯಣ ಬೇಡ. ಮೀಟರನ್ನು ಡಿಸಿ ವೋಲ್ಟಿಗೆ ಹಾಕಿ, ಒಂದು ಪ್ರೋಬನ್ನು ಬ್ಯಾಟರಿಯ ಕಂಬದ ಮೇಲೆಯೇ, ಇನ್ನೊಂದನ್ನು ಕೇಬಲ್ಲಿನ ತಾಮ್ರದ ಮೇಲೆ ಒತ್ತಿ ಹಿಡಿದು, ಎಂಜಿನ್ ಸ್ಟಾರ್ಟ್ ಮಾಡಲು ಹೇಳಿ. ಸ್ಟಾರ್ಟರ್ 200 ಆಂಪಿಯರ್ ಎಳೆಯುವಾಗ 5 ಮಿಲಿಓಮಿನ ಕೆಟ್ಟ ಲಗ್ಗು ಪೂರಾ 1 ವೋಲ್ಟ್ ತಿನ್ನುತ್ತದೆ, ಯಾವ ಮೀಟರಿಗೂ ಕಾಣುತ್ತದೆ. ಹಸಿರು ಕಟ್ಟಿದ ಲಗ್ಗನ್ನು ಉಜ್ಜಿದರೆ ಸ್ವಲ್ಪ ದಿನ ನಡೆದೀತು, ಉಪ್ಪು ಎಳೆಗಳ ಒಳಗೆ ಹೋಗಿದ್ದರೆ ಕತ್ತರಿಸಿ ಹೊಸದು ಒತ್ತಿಸುವುದೇ ಸರಿ.

ಆರ್ಡುಯಿನೋಗೆ ಜೋಡಿಸಿ ನೇರವಾಗಿ ಓಮಿನಲ್ಲೇ ಓದುವಂತೆ ಮಾಡಬಹುದೇ?

ಆರ್ಡುಯಿನೋ ಊನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಒಳಗಿನ 10 ಬಿಟ್ ಎಡಿಸಿಯಲ್ಲಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಒಂದು ಮೆಟ್ಟಿಲು ಎಂದರೆ 4.9 ಮಿಲಿವೋಲ್ಟ್. ನಮ್ಮ ಕರೆಂಟಿಗೆ ಅದು ಹೆಚ್ಚುಕಡಿಮೆ 47 ಮಿಲಿಓಮ್, ಪ್ರಯೋಜನವಿಲ್ಲ. ಎಡಿಎಸ್1115 ಎಂಬ 16 ಬಿಟ್ ಮಾಡ್ಯೂಲ್ ಹಾಕಿ. ಅದರ ±0.256 ವೋಲ್ಟ್ ರೇಂಜಿನಲ್ಲಿ ಒಂದು ಮೆಟ್ಟಿಲು 7.8 ಮೈಕ್ರೋವೋಲ್ಟ್, ಅಂದರೆ 0.075 ಮಿಲಿಓಮ್. ನಾಲ್ಕು ಇನ್‌ಪುಟ್ಟುಗಳನ್ನು ಎರಡು ಜೋಡಿಯಾಗಿ ಓದುತ್ತದೆ: ಒಂದು ಜೋಡಿ ರೆಫರೆನ್ಸಿಗೆ, ಇನ್ನೊಂದು ವಸ್ತುವಿಗೆ. ಹೇಳಿ ಮಾಡಿಸಿದ ಹಾಗೆ. ಮಾಡ್ಯೂಲಿನ ಗ್ರೌಂಡನ್ನು ಬ್ಯಾಟರಿಯ ಮೈನಸ್ಸಿಗೆ ಸೇರಿಸಲು ಮರೆಯಬೇಡಿ. ಸೆಕೆಂಡಿಗೆ 8 ಸಲ ಓದುವ ನಿಧಾನದ ವೇಗ ಇಟ್ಟುಕೊಂಡು, ಪ್ರತಿ ಜೋಡಿಯ 16 ಓದಿನ ಸರಾಸರಿ ತೆಗೆದು ಭಾಗಿಸಿ.

ಪ್ರತಿ ಇನ್‌ಪುಟ್ಟಿಗೂ ರಕ್ಷಣೆಗೆ 1 ಕಿಲೋಓಮ್ ಸಾಲಾಗಿ ಹಾಕಿ. ಈ ರೇಂಜಿನಲ್ಲಿ ಐಸಿಯ ಒಳರೋಧ 710 ಕಿಲೋಓಮ್ ಮಾತ್ರ, ಹಾಗಾಗಿ ಶೇಕಡಾ 0.28ರಷ್ಟು ಕಡಿಮೆ ಓದುತ್ತದೆ. ಆದರೆ ಎರಡೂ ಜೋಡಿಯಲ್ಲಿ ಅಷ್ಟೇ ಕಡಿಮೆ, ಭಾಗಾಕಾರದಲ್ಲಿ ಅದೂ ಹೋಗುತ್ತದೆ. ನಾಲ್ಕೂ 1 ಕಿಲೋಓಮ್ ಒಂದೇ ಬೆಲೆಯವಿರಬೇಕು ಎಂಬುದಷ್ಟೇ ಮುಖ್ಯ.

ಎಲ್‌ಎಂ358 ಎಂಬ ಆಂಪ್ಲಿಫೈಯರ್ ಐಸಿ ಹಾಕಿ ವೋಲ್ಟೇಜನ್ನು ದೊಡ್ಡದು ಮಾಡಿಕೊಳ್ಳುತ್ತೇನೆ ಎನ್ನುವವರಿಗೆ: ಅದರ ಆಫ್‌ಸೆಟ್ (ಇನ್‌ಪುಟ್ಟಿನಲ್ಲಿ ಏನೂ ಇಲ್ಲದಾಗಲೂ ಇರುವ ದೋಷ) 7 ಮಿಲಿವೋಲ್ಟಿನವರೆಗೂ ಇರಬಹುದು. ಬಟನ್ ಒತ್ತುವ ಮೊದಲೇ 67 ಮಿಲಿಓಮ್ ಸುಳ್ಳು.

ಬಟನ್ ಒತ್ತದೆಯೂ ಕೆಲವು ಮೈಕ್ರೋವೋಲ್ಟ್ ತೋರಿಸುತ್ತದೆ.

ಎರಡು ಬೇರೆ ಲೋಹ ಸೇರುವಲ್ಲಿ ಉಷ್ಣತೆ ವ್ಯತ್ಯಾಸವಿದ್ದರೆ ವೋಲ್ಟೇಜ್ ಹುಟ್ಟುತ್ತದೆ. ತಾಮ್ರ ಮತ್ತು ಸೋಲ್ಡರಿನ ನಡುವೆ ಅದು ಡಿಗ್ರಿಗೆ ಒಂದರಿಂದ ಮೂರು ಮೈಕ್ರೋವೋಲ್ಟ್, ಆಕ್ಸೈಡ್ ಕಟ್ಟಿದ ತಾಮ್ರದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು. ಕೈ ಮೀಟರಿಗೆ ಇದು ಕಾಣುವುದೇ ಇಲ್ಲ, ಎಡಿಎಸ್1115ಕ್ಕೆ ಕಾಣುತ್ತದೆ. ಕರೆಂಟಿಲ್ಲದೆ ಒಮ್ಮೆ, ಕರೆಂಟಿಟ್ಟು ಒಮ್ಮೆ ಓದಿ ಕಳೆಯಿರಿ. ಫ್ಯಾನಿನ ಕೆಳಗೆ ಕೂತು ಅಳೆಯಬೇಡಿ.

ಬ್ಯಾಟರಿ ಬದಲು ಮೊಬೈಲ್ ಚಾರ್ಜರ್ ಅಥವಾ ಪವರ್ ಬ್ಯಾಂಕ್?

100 ಮಿಲಿಆಂಪಿಯರಿಗೆ 5 ವೋಲ್ಟ್ ಸಾಕು, ಚಾರ್ಜರ್ ನಡೆಯುತ್ತದೆ. ಅಗ್ಗದ ಚಾರ್ಜರುಗಳಿಂದ ಬರುವ ಗದ್ದಲಕ್ಕೆ ಕೊನೆಯ ಅಂಕಿ ಕುಣಿಯುತ್ತದೆ ಅಷ್ಟೇ. ಪವರ್ ಬ್ಯಾಂಕು ಇಷ್ಟು ಸಣ್ಣ ಕರೆಂಟಿಗೆ, ಅದೂ ಬಟನ್ ಬಿಟ್ಟಾಗ, ಯಾರೂ ಇಲ್ಲವೆಂದುಕೊಂಡು ತಾನೇ ಮಲಗಿಬಿಡುವುದುಂಟು.

ಪಿಯು ಲ್ಯಾಬಿನ ಮೀಟರ್ ಬ್ರಿಡ್ಜಿನಲ್ಲಿ ಇದನ್ನೇ ಮಾಡಿದ್ದೆವಲ್ಲ?

ಹೋಲಿಸಿ ಅಳೆಯುವ ತತ್ವ ಒಂದೇ. ಕ್ರಿಸ್ಟಿ 1833ರಲ್ಲಿ ವಿವರಿಸಿ, ವೀಟ್‌ಸ್ಟನ್ 1843ರಲ್ಲಿ ಬಳಕೆಗೆ ತಂದ ಬ್ರಿಡ್ಜ್ ಅದು. ಕೆಲವು ಓಮಿನಿಂದ ಮೇಲೆ ಬಹಳ ಚೆನ್ನ. ಮಿಲಿಓಮಿನಲ್ಲಿ ಮಾತ್ರ ಸ್ಕ್ರೂ ಹಿಡಿತದ ರೆಸಿಸ್ಟೆನ್ಸೂ ತೋಳಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಅರ್ಥಿಂಗ್ ರೆಸಿಸ್ಟೆನ್ಸ್ ಇದರಲ್ಲಿ ಬರುತ್ತದೆಯೇ?

ಬರುವುದಿಲ್ಲ. ಡಿಸಿ ಕರೆಂಟಿಗೆ ಒದ್ದೆ ಮಣ್ಣಿನಲ್ಲಿ ಎಲೆಕ್ಟ್ರೋಡ್ ತಾನೇ ಬ್ಯಾಟರಿಯ ಹಾಗೆ ವರ್ತಿಸುತ್ತದೆ. ಅದಕ್ಕೆ ಎಸಿ ಬಳಸುವ, ಗೂಟ ನೆಡುವ ಅರ್ಥ್ ಟೆಸ್ಟರ್ ಬೇಕು. ಅಳೆಯುವುದಿದ್ದರೆ ಏಪ್ರಿಲ್–ಮೇ ತಿಂಗಳಲ್ಲಿ ಅಳೆಯಿರಿ. ಚಿರೆಕಲ್ಲಿನ ನೆಲ ಒಣಗಿದಾಗ ಬರುವ ಅಂಕಿಯೇ ನಿಜವಾದ ಪರೀಕ್ಷೆ. ಹಾಗೆಯೇ ವೈಂಡಿಂಗಿನ ಇನ್ಸುಲೇಶನ್ ನೋಡಲು 500 ವೋಲ್ಟಿನ ಮೆಗ್ಗರ್, ಈ ಪೆಟ್ಟಿಗೆಯಲ್ಲ.

ಮಳೆಗಾಲ, ಉಪ್ಪುಗಾಳಿಯಿಂದ ಸರ್ಕ್ಯೂಟನ್ನು ಕಾಪಾಡುವುದು ಹೇಗೆ?

ಉಪ್ಪಿನ ಕಣ ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ನೀರು ಹೀರಿ ತಾನೇ ಕರಗುತ್ತದೆ. ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನ ತನಕ ಹೆಚ್ಚಿನ ಹೊತ್ತು ಅದೇ ಸ್ಥಿತಿ, ಹಾಗಾಗಿ ಬೋರ್ಡಿನ ಮೇಲೆ ಕೂತ ಉಪ್ಪು ಒಣಗುವುದೇ ಇಲ್ಲ. ಬೆಸುಗೆ ಮುಗಿದ ಮೇಲೆ ಉಳಿದ ಫ್ಲಕ್ಸನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆ ಟೂತ್‌ಬ್ರಶ್ಶಿನಿಂದ ಉಜ್ಜಿ ತೆಗೆಯಿರಿ. ಪೂರ್ತಿ ಒಣಗಿಸಿ, ಪಿಸಿಬಿ ಲ್ಯಾಕರ್ ಎರಡು ಕೈ ಬಳಿಯಿರಿ, ಸ್ವಿಚ್ಚು ಮತ್ತು ಟರ್ಮಿನಲ್ಲುಗಳಿಗೆ ತಾಗದಂತೆ. ರಬ್ಬರ್ ಅಂಚಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು, ಅಡುಗೆಗೆ ಆ ಬಾಣಲೆ ಮಾತ್ರ ಬೇಡ.

ಕ್ಲಿಪ್ಪಿನ ತಾಮ್ರದ ಪಟ್ಟಿಗಳನ್ನು ಅಳೆಯುವ ಮೊದಲು ಒಮ್ಮೆ ಉಜ್ಜಿಕೊಳ್ಳಿ. ಸೀಸನ್ನಿನ ಮೊದಲ ಅಳತೆಗೆ ಮುಂಚೆ ಬೆಲೆ ಗೊತ್ತಿರುವ ಇನ್ನೊಂದು ರೆಸಿಸ್ಟರ್, 0.47 ಓಮಿನದಾದರೂ ಸರಿ, ಅಳೆದು ಕಳೆದ ವರ್ಷದ ಅಂಕಿಯ ಜೊತೆ ಹೋಲಿಸಿ. ಆ ಅಂಕಿಯನ್ನು, ಅಂದಿನ ಉಷ್ಣತೆಯನ್ನು ಡಬ್ಬಿಯ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆದಿಡಿ. ಬಾಲ್‌ಪೆನ್ನಿನ ಶಾಯಿ ಹರಡುತ್ತದೆ.